ಬೆಟ್ಟ ಹತ್ತುವ ಬಂಡಿಯೂ ಇಂಧನದ ಮಿತವ್ಯಯವೂ



ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಜೀಪೆಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಟಾರು ರಸ್ತೆ ಮುಗಿದಲ್ಲಿ ಬಸ್ಸು ನಿಲ್ಲುತ್ತದೆ. ಅಲ್ಲಿಂದ ಮುಂದೆ ಜೀಪೇ ಗತಿ. ಕಾಫಿ ಹಣ್ಣಿನ ಚೀಲಗಳನ್ನು ತೋಟದಿಂದ ಕಣಕ್ಕೆ ತಂದದ್ದು, ಅಡಕೆಯ ಮೂಟೆಗಳನ್ನು ಮಂಡಿಗೆ ಮುಟ್ಟಿಸಿದ್ದು, ಮಳೆಗಾಲದ ನಡುರಾತ್ರಿಯಲ್ಲಿ ಹಳ್ಳದಾಚೆಯ ಒಂಟಿಮನೆಯಿಂದ ರೋಗಿಯನ್ನು ತಾಲ್ಲೂಕಿನ ಆಸ್ಪತ್ರೆಗೆ ಸೇರಿಸಿದ್ದು, ಇವೆಲ್ಲವೂ ಅರ್ಧ ಶತಮಾನಕ್ಕೂ ಮೀರಿದ ಕಾಲದಿಂದ ಈ ವಾಹನವು ನಮ್ಮ ಜನಕ್ಕೆ ಸಲ್ಲಿಸಿಕೊಂಡು ಬಂದಿರತಕ್ಕ ಸೇವೆ.

ಆದರೆ ಅದರ ಮೇಲೆ ಒಂದು ಆಪಾದನೆಯುಂಟು. ಜೀಪು ಡೀಸೆಲ್ ಕುಡಿಯುತ್ತದೆ ಎಂಬುದೇ ಆ ಆಪಾದನೆ. ಬಂಕಿನಲ್ಲಿ ಹಣವೆಣಿಸುವಾಗ ಪ್ರತಿಯೊಬ್ಬ ಮಾಲೀಕನೂ ಈ ಮಾತನ್ನಾಡುತ್ತಾನೆ. ಗಟ್ಟಿಯಾದ ಗಾಡಿ ಬೇಕೆಂದರೆ ಖರ್ಚನ್ನು ಸಹಿಸಬೇಕು, ಇದು ವಿಧಿ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾನೆ.

ಇದು ವಿಧಿಯಲ್ಲವೆಂದು ತಮ್ಮಲ್ಲಿ ನಿವೇದಿಸುವುದೇ ಈ ಭಾಷಣದ ಉದ್ದೇಶ. ಜೀಪಿಗೆ ಶಕ್ತಿ ಇರುವುದರಿಂದ ಇಂಧನ ಪೋಲಾಗುವುದಿಲ್ಲ; ಆ ಶಕ್ತಿಯನ್ನು ಬೇಡದ ಎಡೆಯಲ್ಲಿ ವಿನಿಯೋಗಿಸುವುದರಿಂದ ಪೋಲಾಗುತ್ತದೆ. ಯಾವ ಎಡೆಯಲ್ಲಿ ಅದು ಬೇಕು, ಯಾವ ಎಡೆಯಲ್ಲಿ ಬೇಡ ಎಂಬ ವಿವೇಕವು ಚಾಲಕನಿಗೂ ಮಾಲೀಕನಿಗೂ ಇದ್ದಲ್ಲಿ, ಜೀಪಿನಷ್ಟು ಮಿತವ್ಯಯಿಯಾದ ಸೇವಕ ದುರ್ಗಮಪ್ರದೇಶಗಳಿಗೆ ಬೇರೊಂದಿಲ್ಲ. ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ತೈಲದಲ್ಲಿ ಹತ್ತು ಪಾಲಿಗೆ ಎಂಟು ಪಾಲಿಗಿಂತ ಹೆಚ್ಚನ್ನು ನಾವು ಹೊರದೇಶಗಳಿಂದ ಕೊಂಡು ತರುತ್ತಿರುವಾಗ, ಈ ವಿವೇಕವು ಒಂದು ಮನೆಯ ಲೆಕ್ಕಕ್ಕೆ ಮಾತ್ರ ಸೇರಿದ್ದೆಂದು ಹೇಳಲಾಗದು.

ಮೊದಲು ಜೀಪಿನ ಹುಟ್ಟನ್ನು ನೆನೆಯೋಣ. ಅದರಲ್ಲಿಯೇ ಒಂದು ಪಾಠವಿದೆ.

೧೯೪೦ನೆಯ ಇಸವಿ. ಯೂರೋಪಿನಲ್ಲಿ ಯುದ್ಧ ಹಬ್ಬುತ್ತಿತ್ತು. ಅಮೆರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಮುಟ್ಟುವಂತಹ ಪುಟ್ಟ ವಾಹನವೊಂದು ಬೇಕೆಂದು ಕಾರ್ಖಾನೆಗಳನ್ನು ಕೇಳಿತು. ಅದರ ತೂಕ ಸುಮಾರು ೬೦೦ ಕಿಲೋಗ್ರಾಂ ಮೀರಬಾರದೆಂಬುದು ಆರಂಭದ ನಿಬಂಧನೆ. ಅದು ಅಸಾಧ್ಯವೆಂದು ಬಹುಬೇಗನೆ ತಿಳಿಯಿತು. ಮಿತಿಯನ್ನು ಸುಮಾರು ೯೮೦ ಕಿಲೋಗ್ರಾಮಿಗೆ ಏರಿಸಿದರು. ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆಗಾಗಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟ ವಾಹನವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಬಂದಿತು. ಸ್ಪರ್ಧೆಗೆ ನಿಂತ ವಿಲ್ಲೀಸ್ ಸಂಸ್ಥೆಯ ವಾಹನಕ್ಕೆ ಸುಮಾರು ೬೦ ಅಶ್ವಶಕ್ತಿಯ ಒಳ್ಳೆಯ ಎಂಜಿನಿತ್ತು, ಆದರೆ ತೂಕ ಹೆಚ್ಚಾಗಿತ್ತು. ಎಂಜಿನನ್ನು ಬಿಡಲೊಲ್ಲದ ಅದರ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಅವರು, ಉದ್ದವಾದ ಬೋಲ್ಟುಗಳನ್ನು ಮೊಟಕುಮಾಡಿ, ತಗಡಿನ ದಪ್ಪವನ್ನು ತಗ್ಗಿಸಿ, ಕೊನೆಗೆ ಬಣ್ಣದ ಲೇಪವನ್ನೂ ತೂಕದ ಲೆಕ್ಕಕ್ಕೆ ಹಿಡಿದು, ವಾಹನವನ್ನು ಮಿತಿಯೊಳಕ್ಕೆ ತಂದರು.

ಇದರ ತಾತ್ಪರ್ಯವೇನು? ಹಗುರವಾದ ಮೈಯೂ ಸಮರ್ಥವಾದ ಎಂಜಿನೂ ಕೂಡಿದಾಗ ಜೀಪು ಹುಟ್ಟಿತು. ಗಟ್ಟಿತನವೆಂದರೆ ಭಾರವೆಂದು ಅದನ್ನು ನಿರ್ಮಿಸಿದವರು ಎಂದೂ ಭಾವಿಸಲಿಲ್ಲ. ಕೆಸರಿನಲ್ಲಿ ಹೂತಾಗ ನಾಲ್ಕಾರು ಸೈನಿಕರು ಸೇರಿ ಎತ್ತಿ ಈಚೆಗಿಡಬಹುದಾದ ಗಾಡಿಯೇ ಅವರ ಕಣ್ಣಿಗೆ ಗಟ್ಟಿಯಾದ ಗಾಡಿ.

ಭಾರತಕ್ಕೆ ಈ ವಾಹನ ಬಂದು ನೆಲೆಸಿದುದು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ, ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದಾಗ. ೧೯೮೫ರಲ್ಲಿ ಮಾರುತಿಯ ಜಿಪ್ಸಿ ಬಂದಿತು. ಒಂದು ಲೀಟರಿಗಿಂತ ಸ್ವಲ್ಪ ಕಡಮೆ ಗಾತ್ರದ ಪೆಟ್ರೋಲ್ ಎಂಜಿನು; ಒಂದು ಟನ್ನಿನ ಆಸುಪಾಸಿನ ತೂಕ. ನಾಗರಹೊಳೆ, ಬಂಡೀಪುರಗಳ ಕಾಡುದಾರಿಗಳಲ್ಲಿಯೂ ಸೈನ್ಯದ ಶಿಬಿರಗಳಲ್ಲಿಯೂ ಅದು ಹೆಸರು ಗಳಿಸಿದುದು ಹಗುರತೆಯ ಬಲದಿಂದಲೇ. ಈಚಿನ ದುರ್ಗಮವಾಹನಗಳಲ್ಲಿ ಅನೇಕವು ಒಂದೂಮುಕ್ಕಾಲು ಟನ್ನನ್ನು ಮುಟ್ಟುತ್ತವೆ. ಸುರಕ್ಷತೆಗೆಂದೂ ಸೌಕರ್ಯಕ್ಕೆಂದೂ ಆ ಭಾರದಲ್ಲಿ ಒಂದು ಪಾಲು ಅನಿವಾರ್ಯ. ಇನ್ನೊಂದಿಷ್ಟು ಭಾರವನ್ನು ಕೊಂಡ ಮೇಲೆ ನಾವೇ ಸೇರಿಸುತ್ತೇವೆ. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಜೀಪಿನ ಮೂಲಗುಣ ಹಗುರತೆ. ಇನ್ನು ಅದು ಕುಡಿದ ಇಂಧನ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ.

ಚಲಿಸುತ್ತಿರುವ ವಾಹನವನ್ನು ಮೂರು ಶಕ್ತಿಗಳು ತಡೆಯುತ್ತವೆ. ನೆಲ ತಡೆಯುತ್ತದೆ. ಗಾಳಿ ತಡೆಯುತ್ತದೆ. ಏರು ತಡೆಯುತ್ತದೆ. ನಿಂತ ಗಾಡಿಯನ್ನು ಓಡಿಸಲು ಒದಗಿಸಿದ ಬಲವನ್ನು ಬ್ರೇಕು ಹಾಕಿದಾಗಲೆಲ್ಲ ಶಾಖವಾಗಿ ಕಳೆದುಕೊಳ್ಳುವುದನ್ನೂ ಸೇರಿಸಿದರೆ, ಟ್ಯಾಂಕಿಗೆ ಹಾಕಿಸಿದ ಇಂಧನದ ಸಾರ್ಥಕವಾದ ಪಾಲು ಈ ನಾಲ್ಕು ಬಾಬುಗಳಲ್ಲಿ ಹಂಚಿಹೋಗುತ್ತದೆ. ಸಾರ್ಥಕವಾದ ಪಾಲೆಂದೆ, ಅದು ಇಂಧನದ ನಾಲ್ಕನೆಯ ಒಂದು ಭಾಗದಷ್ಟೇ ಎಂದು ತಿಳಿದರೆ ಹೆಚ್ಚು ತಪ್ಪಾಗದು. ಉಳಿದ ಮುಕ್ಕಾಲು ಭಾಗ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಶಾಖವಾಗಿ ಹೊರಗೆ ಹೋಗುತ್ತದೆ. ಕೈಗೆ ದಕ್ಕುವ ಕಾಲುಭಾಗ ಇಷ್ಟು ಅಲ್ಪವಾಗಿರುವುದರಿಂದಲೇ ಅದನ್ನು ಯಾವುದಕ್ಕೆ ಕೊಡುತ್ತೇವೆಂಬುದು ಮುಖ್ಯ.

ನೆಲದ ತಡೆಯನ್ನು ಮೊದಲು ತೆಗೆದುಕೊಳ್ಳೋಣ. ಒಳ್ಳೆಯ ಟಾರು ರಸ್ತೆಯಲ್ಲಿ ಇದು ವಾಹನದ ತೂಕದ ನೂರರಲ್ಲಿ ಒಂದೂವರೆ ಪಾಲಿನಷ್ಟು. ಮಣ್ಣುದಾರಿಯಲ್ಲಿ ಎರಡರಷ್ಟಾಗಬಹುದು. ಆಷಾಢದ ಕೆಸರಿನಲ್ಲಿ, ನದೀತೀರದ ಸಡಿಲ ಮರಳಿನಲ್ಲಿ ಹತ್ತರಷ್ಟಾಗುವುದು ಅಸಾಮಾನ್ಯವಲ್ಲ. ಟಾರಿನ ಮೇಲೆ ಲೀಟರಿಗೆ ಹನ್ನೆರಡು ಕಿಲೋಮೀಟರು ಓಡುವ ಜೀಪು ತೋಟದೊಳಗೆ ಐದಾರಕ್ಕೆ ಇಳಿದರೆ ಎಂಜಿನು ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಆ ಇಂಧನ ನೆಲಕ್ಕೆ ಸಲ್ಲಬೇಕಾದ ತೆರಿಗೆ, ಸಲ್ಲಿಸಿಯೇ ಸಾಗಬೇಕು.

ಗಾಳಿಯ ತಡೆ ಹಾಗಲ್ಲ. ಇದು ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಗಂಟೆಗೆ ೬೦ ಕಿಲೋಮೀಟರಿನಿಂದ ೯೦ಕ್ಕೆ ಏರಿದರೆ, ಅಂದರೆ ಒಂದೂವರೆಯಷ್ಟಾದರೆ, ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಕಾರಿನ ಮೈ ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಇಳಿಜಾರಾಗಿರುತ್ತದೆ. ಜೀಪಿನ ಮುಂಭಾಗ ಗೋಡೆಯಂತೆ ನೆಟ್ಟಗೆ, ಗಾಜು ನೇರ, ಮೂಲೆಗಳು ಚೌಕ. ಬಿರುಗಾಳಿಗೆ ಎದುರಾಗಿ ಕೊಡೆಯನ್ನು ಮುಂದಕ್ಕೆ ಬಿಚ್ಚಿ ಹಿಡಿದು ನಡೆಯುವವನ ಪಾಡೇ ಹೆದ್ದಾರಿಯಲ್ಲಿ ಜೀಪಿನ ಪಾಡು. ಅರವತ್ತರ ವೇಗದಲ್ಲಿ ನೆಲದ ತಡೆಯೂ ಗಾಳಿಯ ತಡೆಯೂ ಹೆಚ್ಚುಕಡಮೆ ಸಮ. ತೊಂಬತ್ತಕ್ಕೆ ಬರುವ ವೇಳೆಗೆ ಗಾಳಿಯದು ನೆಲದ್ದರ ಸುಮಾರು ಎರಡರಷ್ಟು.

ಈಗ ಕಾಲದ ಲೆಕ್ಕ ಹಾಕಿ. ೧೦೦ ಕಿಲೋಮೀಟರು ದಾರಿಯನ್ನು ತೊಂಬತ್ತರ ಬದಲು ಎಪ್ಪತ್ತರಲ್ಲಿ ಕ್ರಮಿಸಿದರೆ ತಡವಾಗುವುದು ಸುಮಾರು ಹತ್ತೊಂಬತ್ತು ನಿಮಿಷ. ಗಾಳಿಗೆ ಕೊಡುವ ತೆರಿಗೆಯಲ್ಲಿ ಉಳಿಯುವುದು ನೂರಕ್ಕೆ ನಲವತ್ತರಷ್ಟು. ೧೯೭೮ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಕನ್ಸರ್ವೇಶನ್ ರಿಸರ್ಚ್ ಅಸೋಸಿಯೇಷನ್ ಎಂಬ ಕೇಂದ್ರ ಸಂಸ್ಥೆಯು ವಾಹನಗಳನ್ನು ೪೫ರಿಂದ ೫೫ ಕಿಲೋಮೀಟರು ವೇಗದಲ್ಲಿ ಓಡಿಸಬೇಕೆಂದು ಉಪದೇಶಿಸುತ್ತಿರುವುದು ಸುಮ್ಮನೆ ಅಲ್ಲ. ಚೌಕಮೈಯ ಜೀಪಿಗೆ ಆ ಉಪದೇಶ ಕಾರಿಗಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ.

ನೆಲದ ತಡೆ ಅನಿವಾರ್ಯ, ಗಾಳಿಯ ತಡೆ ಬಹುಮಟ್ಟಿಗೆ ನಮ್ಮ ಕೈಯಲ್ಲಿರುವುದು ಎಂದು ಕಂಡೆವು. ಮೂರನೆಯದು ಏರು. ಘಟ್ಟದ ಸೀಮೆಯಲ್ಲಿ ವಾಸಿಸುವ ನಮಗೆ ಇದು ಎಲ್ಲಕ್ಕಿಂತ ಮುಖ್ಯವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಕರೆದೊಯ್ಯುವ ಜೀಪುಗಳನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಕೊಡಚಾದ್ರಿಯ ಎತ್ತರ ೧೩೪೦ ಮೀಟರಿನ ಆಸುಪಾಸು. ಬುಡದಿಂದ ಸಾವಿರ ಮೀಟರಿನ ಏರೆಂದು ಇಟ್ಟುಕೊಳ್ಳೋಣ. ಕೊನೆಯ ಹಾದಿ ರಸ್ತೆಯೆನ್ನುವುದಕ್ಕಿಂತ ಬಂಡೆಗಳ ಮೆಟ್ಟಿಲು. ಚಕ್ರವೊಂದು ಕೊರಕಲಿಗಿಳಿದರೆ ಇನ್ನೊಂದು ಕಲ್ಲಿನ ಮೇಲಿರುತ್ತದೆ, ಒಳಗೆ ಕುಳಿತವರ ಭುಜಗಳು ಎಡಕ್ಕೂ ಬಲಕ್ಕೂ ತಾಕಾಡುತ್ತವೆ, ಎಂಜಿನು ಮಾತ್ರ ಒಂದೇ ಶ್ರುತಿಯಲ್ಲಿ ಮೊರೆಯುತ್ತ ಗಾಡಿಯನ್ನು ಆಳುದ್ದ ಆಳುದ್ದವಾಗಿ ಮೇಲಕ್ಕೆತ್ತುತ್ತದೆ.

ಗಾಡಿಯೂ ಎಂಟು ಜನರೂ ಸೇರಿ ಎರಡು ಟನ್ ತೂಕ. ಒಂದು ಲೀಟರು ಡೀಸೆಲಿನಲ್ಲಿರುವ ಶಕ್ತಿಯ ಕಾಲುಭಾಗ ಚಕ್ರಕ್ಕೆ ಮುಟ್ಟುತ್ತದೆಂದು ಆಗಲೇ ಹೇಳಿದೆ. ಆ ಲೆಕ್ಕದಂತೆ ಎರಡು ಟನ್ ಭಾರವನ್ನು ಸಾವಿರ ಮೀಟರು ಮೇಲಕ್ಕೆತ್ತುವ ಕೆಲಸವೊಂದಕ್ಕೇ ಎರಡು ಲೀಟರಿಗೆ ಮಿಕ್ಕಿ ಡೀಸೆಲ್ ಬೇಕು. ನೆಲದ ತಡೆ, ಗಾಳಿಯ ತಡೆ, ಚಕ್ರ ಜಾರಿದ ನಷ್ಟ ಇವೆಲ್ಲ ಇದರ ಮೇಲೆ ಬೇರೆ. ಯಾವ ನಿಪುಣ ಚಾಲಕನೂ, ಯಾವ ಹೊಸ ಎಂಜಿನೂ ಭಾರವನ್ನೆತ್ತುವ ಈ ಕೆಲಸವನ್ನು ತಪ್ಪಿಸಲಾರದು. ಇದು ಗುರುತ್ವಾಕರ್ಷಣೆಯ ನಿಯಮ.

ಹಾಗಾದರೆ ಮಿತವ್ಯಯಕ್ಕೆ ಇಲ್ಲಿ ಎಡೆಯೆಲ್ಲಿ? ಎಡೆಯುಂಟು. ಎಂಟು ಜನ ಹಂಚಿಕೊಂಡರೆ ಆ ಏರಿಗೆ ತಲೆಯೊಂದಕ್ಕೆ ಬೀಳುವುದು ಕಾಲು ಲೀಟರಿಗಿಂತ ತುಸು ಹೆಚ್ಚು. ಅದೇ ಜೀಪಿನಲ್ಲಿ ಒಬ್ಬನೇ ಕುಳಿತು ಹೋದರೆ ಗಾಡಿಯ ಸ್ವಂತ ತೂಕವನ್ನೆತ್ತುವುದಕ್ಕಾಗಿಯೇ ಒಂದೂವರೆ ಲೀಟರಿಗೆ ಮೇಲ್ಪಟ್ಟು ವ್ಯಯವಾಗುತ್ತದೆ. ತುಂಬಿದ ಜೀಪಿನ ಮೈಲೇಜು ಕಡಮೆ, ಖಾಲಿ ಜೀಪಿನದು ಹೆಚ್ಚು ಎಂದು ಮೀಟರು ಹೇಳುತ್ತದೆ. ತುಂಬಿದ ಜೀಪು ಮಿತವ್ಯಯಿ, ಖಾಲಿ ಜೀಪು ದುಂದುಗಾರ ಎಂದು ಲೆಕ್ಕ ಹೇಳುತ್ತದೆ. ನಾನು ತಮ್ಮ ಮುಂದಿಡಬೇಕೆಂದಿರುವ ಮಾತಿನ ಅರ್ಧಭಾಗ ಇದರಲ್ಲಿಯೇ ಇದೆ.

ಏರಿದ ಮೇಲೆ ಇಳಿಯಬೇಕಷ್ಟೆ. ಇಳಿಜಾರಿನಲ್ಲಿ ಒಂದು ಅಪಾಯಕರವಾದ ಅಭ್ಯಾಸವುಂಟು. ಡೀಸೆಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವುದು. ಇನ್ನೂ ಸಾಹಸಿಗಳಾದವರು ಎಂಜಿನನ್ನೇ ನಿಲ್ಲಿಸಿಬಿಡುವುದು. ಶ್ರೋತೃಗಳೇ, ದಯವಿಟ್ಟು ಇದನ್ನು ಮಾಡಬೇಡಿ, ತಮ್ಮ ಚಾಲಕರಿಂದ ಮಾಡಿಸಬೇಡಿ.

ಕಾರಣವನ್ನು ಹೇಳುತ್ತೇನೆ. ಗೇರಿನಲ್ಲಿಯೇ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಂದಿನ ಇಂಜೆಕ್ಷನ್ ಎಂಜಿನುಗಳಲ್ಲಿ ಇಂಧನದ ಪೂರೈಕೆ ತಾನಾಗಿಯೇ ನಿಂತುಬಿಡುತ್ತದೆ. ಆಗ ಎಂಜಿನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಇಳಿಜಾರು. ಹಳೆಯ ಡೀಸೆಲ್ ಎಂಜಿನಿನ ಪಂಪಿನಲ್ಲಿಯೂ ಗವರ್ನರ್ ಎಂಬ ಸಾಧನವು ಇದೇ ಕೆಲಸವನ್ನು ಮಾಡುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನು ಆರದಂತೆ ಉರಿಯುವುದಕ್ಕೆ ಮತ್ತೆ ಡೀಸೆಲನ್ನು ಬೇಡುತ್ತದೆ. ಉಳಿತಾಯವೆಂದು ತಿಳಿದು ಮಾಡಿದ್ದು ವ್ಯಯವೇ ಆಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಎಂಜಿನಿನ ಹಿಡಿತ ತಪ್ಪಿದ ಗಾಡಿಯನ್ನು ಬ್ರೇಕೊಂದೇ ತಡೆಯಬೇಕಾಗಿ ಬಂದು, ತಿರುವು ತಿರುವಿನಲ್ಲಿ ಕಾದು, ಚಾರ್ಮಾಡಿಯಂತಹ ಘಟ್ಟದ ನಡುಮಧ್ಯದಲ್ಲಿ ಅದು ಹಿಡಿಯದಂತಾಗಬಹುದು. ಎಂಜಿನನ್ನೇ ನಿಲ್ಲಿಸಿದರಂತೂ ಬ್ರೇಕಿಗೆ ನೆರವಾಗುವ ನಿರ್ವಾತದ ಬಲ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಪವರ್ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕೆಂದು ನಮ್ಮ ಹಿರಿಯ ಚಾಲಕರು ಹೇಳುತ್ತಿದ್ದ ಮಾತಿನಲ್ಲಿ ಪ್ರಾಣದ ರಕ್ಷಣೆಯೂ ಇದೆ, ಇಂಧನದ ರಕ್ಷಣೆಯೂ ಇದೆ.

ಇಷ್ಟು ಹೊತ್ತು ತಡೆಗಳನ್ನು ಕುರಿತು ಹೇಳಿದೆ: ನೆಲ, ಗಾಳಿ, ಏರು, ಮತ್ತು ಇಳಿಜಾರಿನ ವಿವೇಕ. ಈಗ ಎಂಜಿನಿನ ವಿಚಾರ ಎರಡು ಮಾತು.

ಜೀಪು ಮೊದಲಿಗೆ ಪೆಟ್ರೋಲ್ ಗಾಡಿ. ೧೯೭೩ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದ ಯುದ್ಧದ ಬೆನ್ನಿಗೆ ತೈಲದ ಅಭಾವ ತಲೆದೋರಿ, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ತದನಂತರದ ವರ್ಷಗಳಲ್ಲಿ ನಮ್ಮ ಜೀಪುಗಳಿಗೆ ಡೀಸೆಲ್ ಎಂಜಿನುಗಳು ಬಂದವು; ಮುಂದೆ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನು ಬಹುಕಾಲ ಜನಪ್ರಿಯವಾಗಿತ್ತು. ಡೀಸೆಲ್ ಮಿತವ್ಯಯಿಯಾಗಿರಲು ಕಾರಣಗಳು ಸ್ಪಷ್ಟ. ಹಳೆಯ ಪೆಟ್ರೋಲ್ ಜೀಪಿನ ಎಂಜಿನು ಒಳಗೆಳೆದುಕೊಂಡ ಗಾಳಿಯನ್ನು ಏಳರಲ್ಲೊಂದು ಪಾಲಿಗೆ ಒತ್ತುತ್ತಿದ್ದರೆ, ಆ ಕಾಲದ ಡೀಸೆಲ್ ಎಂಜಿನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಶಾಖದಿಂದ ದೊರೆಯುವ ಕೆಲಸ ಹೆಚ್ಚು. ಲೀಟರಿಗೆ ಲೀಟರಿನಂತೆ ಅಳೆದರೆ ಡೀಸೆಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಶಕ್ತಿಯೂ ಅಡಗಿದೆ. ಮೇಲಾಗಿ ನಿಧಾನವಾಗಿ ತಿರುಗುತ್ತಿರುವಾಗಲೇ ಅದು ಎಳೆಯುವ ಬಲವನ್ನು ಕೊಡುವುದರಿಂದ, ಏರಿನಲ್ಲಿ ಎಂಜಿನನ್ನು ಕಿರುಚಿಸಬೇಕಾಗಿಲ್ಲ.

ಆದರೆ ಒಳ್ಳೆಯ ಎಂಜಿನೂ ಉಸಿರಾಡಬೇಕಲ್ಲ! ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ದಾರಿಯ ಕೆಂಧೂಳು ಏರ್ ಫಿಲ್ಟರನ್ನು ಕಟ್ಟಿಬಿಡುತ್ತದೆ. ಗಾಳಿ ಸಾಲದಾದರೆ ಡೀಸೆಲ್ ಪೂರ್ತಿ ಉರಿಯದು. ಏರಿನಲ್ಲಿ ಹಿಂದಿನಿಂದ ಹೊರಡುವ ಕರಿಹೊಗೆ ತಾವು ಹಣ ಕೊಟ್ಟು ಕೊಂಡು, ಉರಿಯಿಸದೆ ಎಸೆದ ಇಂಧನ. ಆ ಕಾಲದಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ಶುದ್ಧಿಮಾಡುವುದು ಅತಿಯಲ್ಲ. ಹಾಗೆಯೇ, ಚೀಲಗಳನ್ನು ತುಂಬುವವರೆಗೆ ಎಂಜಿನನ್ನು ಓಡುತ್ತಲೇ ಬಿಡುವ ಅಭ್ಯಾಸ. ನಿಂತಲ್ಲಿ ಉರಿಯುವ ಜೀಪಿನ ಎಂಜಿನು ಗಂಟೆಗೆ ಸುಮಾರು ಅರ್ಧ ಲೀಟರನ್ನು ತೆಗೆದುಕೊಳ್ಳುತ್ತದೆ. ಆ ಅರ್ಧ ಲೀಟರಿಗೆ ಅದು ಮಾಡಿದ ಕೆಲಸ ಶೂನ್ಯ.

ತಡೆಗಳನ್ನು ನೋಡಿದೆವು, ಎಂಜಿನನ್ನು ನೋಡಿದೆವು. ಇನ್ನು ಜೀಪನ್ನು ಜೀಪನ್ನಾಗಿ ಮಾಡಿರತಕ್ಕ ಅಂಗ: ನಾಲ್ಕು ಚಕ್ರಗಳ ಚಾಲನೆ. ಜನರ ಬಾಯಲ್ಲಿ ಫೋರ್ ವೀಲ್.

ನಮ್ಮ ಹೆಚ್ಚಿನ ಜೀಪುಗಳಲ್ಲಿ ಬೇಕಾದಾಗ ಮಾತ್ರ ಲೀವರನ್ನೆಳೆದು ಮುಂದಿನ ಚಕ್ರಗಳಿಗೂ ಬಲವನ್ನು ಕೊಡುವ ಏರ್ಪಾಡಿರುತ್ತದೆ. ಹಾಗೆ ಕೊಟ್ಟಾಗ ಮುಂದಿನ ಜೋಡಿ ಚಕ್ರಗಳೂ ಹಿಂದಿನ ಜೋಡಿಯೂ ಒಂದೇ ಗತಿಯಲ್ಲಿ ತಿರುಗಬೇಕು. ತಿರುವಿನಲ್ಲಾದರೋ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಬಳಸನ್ನು ಕ್ರಮಿಸಬೇಕು. ಕೆಸರಿನಲ್ಲಿ ಯಾವುದಾದರೊಂದು ಚಕ್ರ ತುಸು ಜಾರಿ ಈ ವ್ಯತ್ಯಾಸ ಪರಿಹಾರವಾಗುತ್ತದೆ. ಒಣ ಟಾರಿನ ಮೇಲೆ ಜಾರುವುದಕ್ಕೆ ಆಸ್ಪದವಿಲ್ಲದೆ ಗೇರುಗಳೂ ಆಕ್ಸಲುಗಳೂ ತಿರುಚಿಕೊಂಡು, ಟಯರು ಉಜ್ಜಿ, ಸ್ಟಿಯರಿಂಗ್ ಭಾರವಾಗಿ, ಇಂಧನ ವ್ಯರ್ಥವಾಗುತ್ತದೆ. ಟಾರು ಸಿಕ್ಕಿದ ಕೂಡಲೇ ಫೋರ್ ವೀಲನ್ನು ಬಿಡಿಸಬೇಕೆಂಬ ನಿಯಮ ಇದರಿಂದ ಬಂದುದು.

ಜಿಪ್ಸಿಯಲ್ಲಿಯೂ ಹಳೆಯ ಕೆಲವು ಜೀಪುಗಳಲ್ಲಿಯೂ ಇನ್ನೊಂದು ಸೂಕ್ಷ್ಮವಾದ ಸೌಲಭ್ಯವಿತ್ತು. ಮುಂದಿನ ಚಕ್ರದ ನಟ್ಟನಡುವೆ ಅಂಗೈಯಗಲದ ಒಂದು ಬಿಲ್ಲೆ. ಅದರ ಮೇಲೆ ಎರಡು ಗುರುತು: ಫ್ರೀ, ಲಾಕ್. ಕೆಸರಿಗೆ ಇಳಿಯುವ ಮೊದಲು ಚಾಲಕ ಕೆಳಗಿಳಿದು, ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಬೆರಳಿನಿಂದ ಹಿಡಿದು ಅದನ್ನು ತಿರುಗಿಸುತ್ತಿದ್ದನು. ಒಳಗೆ ಕಚ್ಚಿಕೊಂಡ ಸದ್ದು ಕೈಗೆ ತಿಳಿಯುತ್ತಿತ್ತು. ರಸ್ತೆಗೆ ಬಂದಾಗ ಮತ್ತೆ ಫ್ರೀಗೆ ತಿರುಗಿಸಿದರೆ ಮುಂದಿನ ಆಕ್ಸಲು, ಅದರ ಗೇರುಗಳು, ಉದ್ದನೆಯ ಶಾಫ್ಟು ಇವೆಲ್ಲ ಸುಮ್ಮನಿದ್ದು ಚಕ್ರ ಮಾತ್ರ ತಿರುಗುತ್ತಿತ್ತು. ಉಳಿಯುತ್ತಿದ್ದ ಇಂಧನ ಸ್ವಲ್ಪವೇ. ಆದರೆ ಬೇಡದ ಅಂಗಕ್ಕೆ ಬೇಡದ ವೇಳೆಯಲ್ಲಿ ವಿಶ್ರಾಂತಿ ಕೊಡುವ ಈ ಏರ್ಪಾಡಿಗಿಂತ ಚೊಕ್ಕವಾಗಿ ಈ ಭಾಷಣದ ತತ್ತ್ವವನ್ನು ತೋರಿಸುವ ಉಪಕರಣ ಇನ್ನೊಂದನ್ನು ನಾನು ಕಾಣೆ.

ಫೋರ್ ವೀಲಿನ ಜೊತೆಗಿರುವ, ಚಕ್ರದ ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಹೆಚ್ಚಿಸುವ ಲೋ ಗೇರಿನ ಮೇಲೂ ಒಂದು ಅಪವಾದವುಂಟು. ಅದನ್ನು ಹಾಕಿದರೆ ಡೀಸೆಲ್ ಸುರಿಯುತ್ತದೆಂದು ಹೆದರಿ, ಕಡಿದಾದ ಏರಿನಲ್ಲಿಯೂ ಹೈ ಗೇರಿನಲ್ಲಿಯೇ ಕ್ಲಚ್ಚನ್ನು ಅರ್ಧ ಒತ್ತಿ, ಎಂಜಿನನ್ನು ಮೊರೆಯಿಸಿ ಹತ್ತಿಸುವವರಿದ್ದಾರೆ. ಲೋ ಗೇರಿನಲ್ಲಿ ಎಂಜಿನು ಅದೇ ದೂರಕ್ಕೆ ಸುಮಾರು ಎರಡೂವರೆಯಷ್ಟು ಹೆಚ್ಚು ಸುತ್ತು ತಿರುಗುತ್ತದೆಂಬುದು ನಿಜ. ಆದರೆ ಪ್ರತಿ ಸುತ್ತಿನ ಹೊರೆ ಅಷ್ಟಕ್ಕಷ್ಟು ಹಗುರವಾಗುತ್ತದೆ. ಅರ್ಧ ಒತ್ತಿದ ಕ್ಲಚ್ಚು ಇಂಧನವನ್ನು ಶಾಖವಾಗಿ ಸುಡುತ್ತದೆ, ತನ್ನನ್ನೂ ಸುಟ್ಟುಕೊಳ್ಳುತ್ತದೆ. ಜಾರಿ ಸುತ್ತುವ ಚಕ್ರ ಒಂದು ಗೇಣೂ ಮುಂದುವರಿಯದೆ ಡೀಸೆಲನ್ನು ಮುಗಿಸುತ್ತದೆ, ದಾರಿಯನ್ನೂ ಕೊರೆಯುತ್ತದೆ. ಹಾಗೆ ಕೊರೆದ ದಾರಿಯಲ್ಲಿ ಮರುಮಳೆಗೆ ನೀರು ಹರಿದು ಗುಂಡಿ ಬಿದ್ದು, ಮುಂದೆ ಬರುವ ಪ್ರತಿಯೊಂದು ಗಾಡಿಯೂ ಹೆಚ್ಚು ಇಂಧನವನ್ನು ತೆರಬೇಕಾಗುತ್ತದೆ. ಕಡಿದಾದ ಎಡೆಯಲ್ಲಿ ಲೋ ಗೇರು, ಜಾರುವ ಎಡೆಯಲ್ಲಿ ಫೋರ್ ವೀಲ್, ಕೊಚ್ಚೆಯಲ್ಲಿ ಟಯರಿಗೆ ಚೈನು: ಇವು ದುಂದಲ್ಲ, ಆ ಸ್ಥಳದ ಮಿತವ್ಯಯ.

ಚಕ್ರದ ಬಲವನ್ನು ಸ್ಥಳವರಿತು ಕೊಡಬೇಕೆಂದಾಯಿತು. ಟಯರಿನ ಮಾತೂ ಅದೇ.

ಈಚೆಗೆ ದೊಡ್ಡ ದೊಡ್ಡ ಉಬ್ಬುಗಳುಳ್ಳ ಕೆಸರಿನ ಟಯರುಗಳನ್ನು ಹಾಕಿಸಿಕೊಳ್ಳುವುದು ರೂಢಿಗೆ ಬಂದಿದೆ. ಕೆಸರಿನಲ್ಲಿ ಅವು ಹಿಡಿಯುತ್ತವೆ, ಸಂದೇಹವಿಲ್ಲ. ಟಾರಿನ ಮೇಲಾದರೆ ಪ್ರತಿಯೊಂದು ಉಬ್ಬೂ ಬಾಗಿ, ಮತ್ತೆ ಸೆಟೆದು, ಆ ಬಾಗುಬಳುಕಿನಲ್ಲಿ ಇಂಧನವನ್ನು ಶಾಖವಾಗಿ ಕಳೆಯುತ್ತದೆ. ವರ್ಷದ ಬಹುಪಾಲು ಓಟ ಪೇಟೆಯಲ್ಲಿಯೇ ಆಗಿದ್ದರೆ ಅಂತಹ ಟಯರು ಅನವಶ್ಯಕ. ಇಲ್ಲಿ ಲೆಕ್ಕದ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟದ್ದಕ್ಕಿಂತ ವ್ಯಾಸದಲ್ಲಿ ನೂರಕ್ಕೆ ಏಳರಷ್ಟು ದೊಡ್ಡ ಟಯರು ಹಾಕಿಸಿದರೆ, ಮೀಟರಿನಲ್ಲಿ ನೂರು ಕಿಲೋಮೀಟರು ತೋರಿದಾಗ ಗಾಡಿ ನಿಜವಾಗಿ ಓಡಿರುವುದು ನೂರ ಏಳು. ಹೀಗೆ ಮೈಲೇಜು ಇರುವುದಕ್ಕಿಂತ ಕಡಮೆಯೆಂದು ಮೀಟರು ತೋರಿಸುತ್ತದೆ. ಲೆಕ್ಕ ಹಾಕುವಾಗ ಅದನ್ನು ತಿದ್ದಿಕೊಳ್ಳಬೇಕು.

ಗಾಳಿಯ ಒತ್ತಡಕ್ಕೂ ಸ್ಥಳವಿವೇಕ ಬೇಕು. ಸಡಿಲ ಮರಳಿನಲ್ಲಿ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಹರಡಿ, ಹೂತುಕೊಳ್ಳದೆ ತೇಲಿದಂತೆ ಸಾಗುತ್ತದೆ. ಅಲ್ಲಿ ಅದೇ ಉಳಿತಾಯ. ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ಹೊಡೆಸಿಕೊಳ್ಳಲು ಮರೆತರೆ ಅದೇ ಟಯರು ಇಂಧನವನ್ನೂ ತಿಂದು ತಾನೂ ಕಾದು ಒಡೆಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಚಾವಣಿಯ ಮೇಲಿನ ಖಾಲಿ ಕ್ಯಾರಿಯರು, ಮುಂದುಗಡೆ ಬೆಸೆದ ಕಬ್ಬಿಣದ ಕೊಳವೆಗಳು, ಸಾಲು ದೀಪಗಳು ಇವೂ ಹಾಗೆಯೇ. ಇಂತಹ ನೂರು ಕಿಲೋಗ್ರಾಂ ಅಲಂಕಾರವನ್ನು ಸಾವಿರ ಮೀಟರು ಏರಿಸಿದಾಗಲೆಲ್ಲ ನೂರು ಮಿಲಿಲೀಟರಿಗೆ ಮಿಕ್ಕಿ ಡೀಸೆಲ್ ಹೋಗುತ್ತದೆ. ಗಾಳಿಗೆ ಕೊಟ್ಟದ್ದು ಬೇರೆ. ಬಣ್ಣದ ಲೇಪವನ್ನೂ ತೂಗಿ ನೋಡಿದವರು ಕಟ್ಟಿದ ವಾಹನಕ್ಕೆ ಇದು ಸಲ್ಲುವ ಗೌರವವಲ್ಲ.

ಕೊನೆಯದಾಗಿ ಅಳತೆಯ ಪ್ರಶ್ನೆ. ಭಾರ, ವೇಗ, ಏರು, ಗೇರು, ಟಯರು ಇವುಗಳಲ್ಲಿ ಎಷ್ಟು ಉಳಿಸಿದೆವೆಂದು ತಿಳಿಯುವುದು ಹೇಗೆ?

ಮಾರಾಟದ ಕಾಗದದಲ್ಲಿ ಅಚ್ಚಾಗುವ ಅಂಕಿಯು ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಗಾಡಿಯನ್ನೋಡಿಸಿ ಪಡೆದದ್ದು. ಒಂದು ವಾಹನವನ್ನು ಇನ್ನೊಂದರೊಡನೆ ಹೋಲಿಸುವುದಕ್ಕೆ ಅದು ಯೋಗ್ಯವಾದ ಸಾಧನ. ಆದರೆ ಉರುಳೆಯ ಮೇಲೆ ಕೆಸರಿಲ್ಲ, ಘಟ್ಟವಿಲ್ಲ, ಚೀಲಗಳಿಲ್ಲ. ನಮ್ಮ ಗಾಡಿಯ ಅಂಕಿಯನ್ನು ನಾವೇ ಕಂಡುಕೊಳ್ಳಬೇಕು. ವಿಧಾನ ಸುಲಭ. ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರನ್ನು ಬರೆದುಕೊಳ್ಳಿ. ಎಂದಿನಂತೆ ಓಡಿಸಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಂಕಿಯನ್ನು ನಂಬಬೇಡಿ. ಮೂರು ನಾಲ್ಕು ಸಲದ ಸರಾಸರಿಯನ್ನು ತೆಗೆಯಿರಿ.

ತೋಟದ ಜೀಪುಗಳಲ್ಲಿ ಲಾಗ್ ಪುಸ್ತಕವನ್ನಿಡುವುದು ಹಳೆಯ ಪದ್ಧತಿ. ತಾರೀಖು, ಕಿಲೋಮೀಟರು, ಲೀಟರು ಎಂದು ಅದರಲ್ಲಿ ಮೂರು ಕಲಮುಗಳು. ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನನ್ನ ಪ್ರಾರ್ಥನೆ. ಅದು ಕೆಲಸದ ಕಲಮು. ಎಷ್ಟು ಚೀಲ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ. ಉದಾಹರಣೆಗೆ, ಒಬ್ಬನೇ ಪೇಟೆಗೆ ಹೋಗಿಬಂದ ದಿನ ಲೀಟರಿಗೆ ಹನ್ನೊಂದು ಕಿಲೋಮೀಟರು ಬಂದಿತೆಂದಿಟ್ಟುಕೊಳ್ಳಿ. ಐವತ್ತು ಕಿಲೋಗ್ರಾಮಿನ ಹತ್ತು ಚೀಲಗಳನ್ನು ಹೇರಿದ ದಿನ ಏಳು ಬಂದಿತೆನ್ನಿ. ಮೊದಲನೆಯ ದಿನದ ಒಂದು ಲೀಟರು ಒಬ್ಬ ಮನುಷ್ಯನನ್ನು ಹನ್ನೊಂದು ಕಿಲೋಮೀಟರು ಸಾಗಿಸಿತು. ಅದನ್ನು ಬಸ್ಸೋ ಮೋಟಾರ್ ಸೈಕಲ್ಲೋ ಇನ್ನೂ ಅಗ್ಗವಾಗಿ ಮಾಡುತ್ತಿತ್ತು. ಎರಡನೆಯ ದಿನದ ಒಂದು ಲೀಟರು ಅರ್ಧ ಟನ್ ಫಸಲನ್ನು, ಲಾರಿ ಹೋ‌ಗಲಾರದ ದಾರಿಯಲ್ಲಿ, ಏಳು ಕಿಲೋಮೀಟರು ಹೊತ್ತಿತು. ಮೂರು ಕಲಮಿನ ಪುಸ್ತಕವು ಮೊದಲನೆಯ ದಿನವನ್ನು ಹೊಗಳುತ್ತದೆ. ನಾಲ್ಕು ಕಲಮಿನ ಪುಸ್ತಕವು ಎರಡನೆಯ ದಿನವನ್ನು ಹೊಗಳುತ್ತದೆ. ನ್ಯಾಯ ಎರಡನೆಯದರ ಕಡೆಗಿದೆ.

ಶ್ರೋತೃ ಬಾಂಧವರೇ, ಹೇಳಿದುದನ್ನು ಸಂಗ್ರಹಿಸಿ ಮುಗಿಸುತ್ತೇನೆ. ಗಾಡಿಯನ್ನು ಹಗುರವಾಗಿಡಿ. ಹೆದ್ದಾರಿಯಲ್ಲಿ ವೇಗವನ್ನು ತಗ್ಗಿಸಿ. ಘಟ್ಟವನ್ನು ತುಂಬಿದ ಗಾಡಿಯಲ್ಲಿ ಹತ್ತಿ, ಗೇರಿನಲ್ಲಿ ಇಳಿಯಿರಿ. ಫೋರ್ ವೀಲನ್ನೂ ಲೋ ಗೇರನ್ನೂ ಬೇಕಾದಲ್ಲಿ ಅಂಜದೆ ಹಾಕಿ, ಬೇಡವಾದ ಕ್ಷಣವೇ ತೆಗೆಯಿರಿ. ಟಯರಿನ ಗಾಳಿಯನ್ನೂ ಫಿಲ್ಟರಿನ ಧೂಳನ್ನೂ ನೋಡಿಕೊಳ್ಳಿ. ಕೆಲಸವನ್ನು ಬರೆದಿಡಿ.

ಇವೆಲ್ಲದರ ಹಿಂದಿರುವ ಸೂತ್ರ ಒಂದೇ. ದುರ್ಗಮವಾದ ದಾರಿಗಾಗಿ ನಿರ್ಮಿತವಾದ ಶಕ್ತಿಯನ್ನು ಆ ದಾರಿಗಾಗಿಯೇ ಮೀಸಲಿಡುವುದು. ಬಸ್ಸು ಹೋಗುವ ಕಡೆಗೆ ಬಸ್ಸಿನಲ್ಲಿ ಹೋಗಿ, ಬಸ್ಸು ಹೋಗಲಾರದ ಕಡೆಗೆ ಜೀಪನ್ನು ತುಂಬಿಕೊಂಡು ಹೋಗುವುದು. ಹೀಗೆ ನಡೆದುಕೊಳ್ಳುವ ಮನೆಯಲ್ಲಿ ಜೀಪು ಡೀಸೆಲ್ ಕುಡಿಯುತ್ತದೆಂಬ ದೂರಿಗೆ ಅವಕಾಶವಿರದು. ಬೆಟ್ಟದ ಮನೆಗೆ ವೈದ್ಯನನ್ನೂ ಅಕ್ಕಿಯನ್ನೂ ಶಾಲೆಯ ಮಕ್ಕಳನ್ನೂ ಮುಟ್ಟಿಸುವ ಒಂದೊಂದು ಲೀಟರೂ ಸದ್ವ್ಯಯವೇ ಸರಿ. ಅಂತಹ ಲೀಟರು ಅಭಾವದ ಕಾಲದಲ್ಲಿಯೂ ನಮಗೆ ದೊರೆಯಬೇಕಾದರೆ ಉಳಿದ ಲೀಟರುಗಳನ್ನು ಸುಭಿಕ್ಷದ ಕಾಲದಲ್ಲಿಯೇ ಉಳಿಸುವುದನ್ನು ಕಲಿಯಬೇಕು. ನಾಳೆ ಬಂಕಿಗೆ ಹೋದಾಗ ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರನ್ನು ಬರೆದುಕೊಂಡು, ಆ ನಾಲ್ಕನೆಯ ಕಲಮನ್ನು ಆರಂಭಿಸಿರೆಂದು ಬೇಡುತ್ತೇನೆ.